ಗಾಲ್ಫ್ ಆಡದವರ ಗಾಲ್ಫ್ ಮೊಣಕೈ

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯು ಯಲ್ಲಾಪುರವನ್ನು ದಾಟಿದ ಮೇಲೆ ಅರಬೈಲು ಘಟ್ಟದ ತಿರುವುಗಳಲ್ಲಿ ಇಳಿಯತೊಡಗುತ್ತದೆ. ಆ ಸೀಮೆಯ ಕಣಿವೆಗಳಲ್ಲಿ ಅಡಿಕೆ ತೋಟಗಳುಂಟು; ಗಾಲ್ಫ್ ನೋಡಬೇಕೆಂದರೆ 1876ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಂಥ ಸ್ಥಳಕ್ಕೇ ಹೋಗಬೇಕು. ಆದರೂ ಕೊನೆ ಕೊಯ್ಲಿನ ಕಾಲದಲ್ಲಿ ಮೊಣಕೈಯ ಒಳಮಗ್ಗುಲನ್ನು ಹಿಡಿದುಕೊಂಡು ಬಂದ ಕೊನೆಗೌಡನಿಗೆ ವೈದ್ಯರು 'ಇದು ಗಾಲ್ಫ್ ಮೊಣಕೈ' ಎಂದರೆ ಆಶ್ಚರ್ಯಪಡಬೇಕಾದುದಿಲ್ಲ. ಈ ಬೇನೆಗೆ ಒಳಗಾಗುವವರಲ್ಲಿ ಬಹುಮಂದಿ ಗಾಲ್ಫ್ ದಾಂಡನ್ನು ಕೈಯಲ್ಲಿ ಹಿಡಿದವರೇ ಅಲ್ಲ. ಹೆಸರಿನಿಂದ ಹುಟ್ಟಿದ ಈ ತಪ್ಪು ಕಲ್ಪನೆಯೇ ಮೊದಲನೆಯದು.

ನಿಮ್ಮ ಮೊಣಕೈಯ ಒಳಭಾಗವನ್ನು ಮುಟ್ಟಿ ನೋಡಿರಿ. ಅಲ್ಲಿ ಎಲುಬಿನ ಒಂದು ಗುಬುಟು ಬೆರಳಿಗೆ ತಗಲುತ್ತದೆ. ಮುಷ್ಟಿ ಬಿಗಿಯುವ, ಮಣಿಕಟ್ಟನ್ನು ಒಳಕ್ಕೆ ಬಾಗಿಸುವ, ಅಂಗೈಯನ್ನು ಕೆಳಮೊಗವಾಗಿ ತಿರುಗಿಸುವ ಸ್ನಾಯುಗಳಲ್ಲಿ ಬಹುಪಾಲು ಈ ಗುಬುಟಿಗೇ ಸ್ನಾಯುರಜ್ಜುವಿನಿಂದ ಬಿಗಿಯಲ್ಪಟ್ಟಿವೆ. ಬಲಗೈ ಆಟಗಾರನು ಚೆಂಡನ್ನು ಹೊಡೆಯುವಾಗ ಅವನ ಬಲಗೈಯ ರಜ್ಜುವಿನ ಮೇಲೆ ಬೀಳುವ ಸೆಳೆತವೇ, ಮರವನ್ನು ಅಪ್ಪಿ ಹಿಡಿದು ಕೊನೆಯನ್ನು ಕೀಳುವವನ ಕೈಗೂ, ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೆ ಅಡಿಕೆ ಸುಲಿಯುವ ಹೆಂಗಸಿನ ಕೈಗೂ ಬೀಳುತ್ತದೆ. ಒಂದು ಸೆಳೆತ ಅಲ್ಪವೇ. ಸಾವಿರ ಸಲವಾದಾಗ ಅಲ್ಪವಲ್ಲ.

ಈ ನೋವಿಗೆ ಜನರು ಕೊಡುವ ಕಾರಣ 'ನರ ಉಳುಕಿದೆ' ಎಂಬುದು. ಆಮೇಲೆ ಎಣ್ಣೆ ಹಚ್ಚಿ ಕೈಯನ್ನು ಜಗ್ಗಿ ತಿರುಚುವುದು ನಡೆಯುತ್ತದೆ. ಇಲ್ಲಿ ಉಳುಕಿದ ನರವಿಲ್ಲ. ವೈದ್ಯರೂ ಬಹುಕಾಲ ಇದನ್ನು ಕೇವಲ ಉರಿಯೂತವೆಂದೇ ಎಣಿಸಿದ್ದರು. ಮೊಣಕೈಯ ಹೊರಮಗ್ಗುಲಿನ ಸೋದರ ಬೇನೆಯಾದ 'ಟೆನಿಸ್ ಮೊಣಕೈ'ಯಲ್ಲಿ, ಶಸ್ತ್ರಚಿಕಿತ್ಸೆಯ ವೇಳೆ ತೆಗೆದ ರಜ್ಜುವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ನಿರ್ಷಲ್ ಮತ್ತು ಪೆಟ್ರೋನ್ ಎಂಬ ಅಮೆರಿಕದ ವೈದ್ಯರು 1979ರಲ್ಲಿ ಬೇರೆಯೇ ಚಿತ್ರವನ್ನು ಕೊಟ್ಟರು. ಹುರಿಗೊಂಡ ಹಗ್ಗದಂತೆ ಒಂದೇ ದಿಕ್ಕಿನಲ್ಲಿ ಇರಬೇಕಾದ ಕೊಲಾಜೆನ್ ಎಳೆಗಳು ಅಸ್ತವ್ಯಸ್ತವಾಗಿದ್ದುವು. ರಜ್ಜುವು ಸವೆದು, ದುರಸ್ತಿಯ ಕೆಲಸ ಅರ್ಧಕ್ಕೆ ನಿಂತಿತ್ತು. ರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ. ಆದುದರಿಂದ ದುರಸ್ತಿಯೂ ನಿಧಾನ. ವಾರಗಳಲ್ಲಲ್ಲ, ತಿಂಗಳುಗಳಲ್ಲಿ ಲೆಕ್ಕ ಹಾಕಬೇಕು.

ಈ ನಿಧಾನವನ್ನು ಸಹಿಸದೆ ಚುಚ್ಚುಮದ್ದನ್ನು ಬೇಡುವವರುಂಟು. ಟೆನಿಸ್ ಮೊಣಕೈಯ 198 ರೋಗಿಗಳ ಮೇಲೆ ಆಸ್ಟ್ರೇಲಿಯದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯು ಕುತೂಹಲಕರವಾಗಿದೆ. ಸ್ಟೀರಾಯ್ಡ್ ಚುಚ್ಚಿಸಿಕೊಂಡವರು ಆರು ವಾರಗಳಲ್ಲಿ ಎಲ್ಲರಿಗಿಂತ ಮುಂದಿದ್ದರು. ವರ್ಷದ ಕೊನೆಗೆ, ಏನನ್ನೂ ಮಾಡದೆ ಕಾದವರಿಗಿಂತಲೂ ಹಿಂದೆ ಬಿದ್ದಿದ್ದರು!

ಇನ್ನೆರಡು ತಪ್ಪುಗಳು ಒಂದಕ್ಕೊಂದು ವಿರುದ್ಧವಾದುವು. 'ನೋವನ್ನು ಲೆಕ್ಕಿಸದೆ ದುಡಿದರೆ ತಾನೇ ಹೋಗುತ್ತದೆ' ಎಂಬುದು ಒಂದು. ದಿನಗೂಲಿಯವನು ಹೀಗೆ ಎಣಿಸುವುದರಲ್ಲಿ ಅವನ ತಪ್ಪೇನೂ ಕಾಣದು. ಆದರೆ ಈ ಬೇನೆಯಲ್ಲಿ ಹಿಡಿತದ ಬಲವೇ ಕುಂದುತ್ತದೆ. ಮರದ ತುದಿಯಲ್ಲಿ ಕೈ ಸಡಿಲವಾದರೆ ನಷ್ಟವಾಗುವುದು ಒಂದು ದಿನದ ಕೂಲಿಯಲ್ಲ. 'ನೋವಿರುವವರೆಗೂ ಕೈಯನ್ನು ಕದಲಿಸಬಾರದು' ಎಂಬುದು ಇನ್ನೊಂದು. ರಜ್ಜುವು ಜೀವಂತ ವಸ್ತು. ಹದವಾದ ಭಾರ ಬಿದ್ದಾಗಲೇ ಅದರ ಎಳೆಗಳು ಸರಿಯಾದ ದಿಕ್ಕಿಗೆ ಒಲಿಯುತ್ತವೆ. ತಿಂಗಳುಗಟ್ಟಲೆ ಜೋಲಿಯಲ್ಲಿಟ್ಟ ಕೈ ಮತ್ತಷ್ಟು ದುರ್ಬಲವಾಗುತ್ತದೆ.

ಹಾಗಾದರೆ ಹದವೆಂದರೇನು? ಕೆಲವು ದಿನ ಸೆಳೆತದ ಕೆಲಸವನ್ನು ತಗ್ಗಿಸಿ, ಅನಂತರ ಮುಂಗೈಯನ್ನು ತೊಡೆಯ ಮೇಲಿಟ್ಟು, ಅಂಗೈ ಮೇಲ್ಮೊಗವಾಗಿ, ಅರ್ಧ ಕಿಲೋ ಭಾರವನ್ನು ಹಿಡಿಯಬೇಕು. ಇನ್ನೊಂದು ಕೈಯ ನೆರವಿನಿಂದ ಅದನ್ನು ಮೇಲೆತ್ತಿ, ನೊಂದ ಕೈಯಿಂದಲೇ ಐದು ಎಣಿಸುವಷ್ಟು ಹೊತ್ತು ಮೆಲ್ಲಗೆ ಇಳಿಸಬೇಕು. ಹೀಗೆ ಹತ್ತು ಹದಿನೈದು ಸಲ. ಆಗ ತುಸು ನೋವಾದರೆ ಅಂಜಬೇಕಾಗಿಲ್ಲ; ನೋವು ಕಂಡಲ್ಲೆಲ್ಲ ಹೊಸ ಗಾಯವಾಗಿದೆಯೆಂದು ಅರ್ಥವಲ್ಲ. ಮರುದಿನಕ್ಕೆ ಅದು ಹಿಂದಿನ ಮಟ್ಟಕ್ಕೆ ಇಳಿದಿದ್ದರೆ ಭಾರ ಹದವಾಗಿದೆ. ಏರಿದ್ದರೆ ಭಾರ ಹೆಚ್ಚಾಯಿತು.

ಕಬಡ್ಡಿ ಆಡಿದ ಮರುದಿನ ಮೈಯೆಲ್ಲ ನೋಯುವುದು ಬೇರೆ ಸಂಗತಿ. ಅದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣವೆಂದು ಹೇಳುವ ವಾಡಿಕೆಯುಂಟು. ಆ ಆಮ್ಲವು ಗಂಟೆಯೊಂದೆರಡರಲ್ಲಿ ತೊಲಗುತ್ತದೆ; ನೋವಾದರೋ ಎರಡನೆಯ ದಿನಕ್ಕೆ ಏರುತ್ತದೆ. ಸ್ನಾಯುವಿನೊಳಗಿನ ಸೂಕ್ಷ್ಮ ಹರಿತಗಳೇ ಕಾರಣವಿರಬೇಕೆಂದು ಹಫ್ ಎಂಬ ವಿಜ್ಞಾನಿ 1902ರಷ್ಟು ಹಿಂದೆಯೇ ಸೂಚಿಸಿದ್ದನು.

ಕಿರುಬೆರಳು ಜೋಮು ಹಿಡಿಯುತ್ತಿದ್ದರೆ ಆಗ ನರದ ಪ್ರಶ್ನೆ ನಿಜವಾಗಿಯೂ ಏಳುತ್ತದೆ. ಮೊಣಕೈ ಊದಿ ಜ್ವರ ಬಂದರೂ ವೈದ್ಯರಿಗೆ ತೋರಿಸಬೇಕು. ಎದೆಯಿಂದ ತೋಳಿಗೆ ಹರಿದು ಬರುವ ನೋವಿಗಂತೂ ಗಳಿಗೆಯನ್ನೂ ಕಾಯಬಾರದು.

ಈಗ ತೋಟಗಳಲ್ಲಿ ನೆಲದ ಮೇಲೆ ನಿಂತೇ ಕೊನೆ ಇಳಿಸುವ ಹಗುರವಾದ ಉದ್ದ ದೋಟಿಗಳು ಬಂದಿವೆ. ಮರದಿಂದ ಬೀಳುವ ಭಯ ಅದರಿಂದ ತಪ್ಪಿತು. ಆದರೆ ದಿನವಿಡೀ ತಲೆಯೆತ್ತಿ ದೋಟಿ ಹಿಡಿದವನ ಕತ್ತು ಭುಜಗಳು ತಮ್ಮ ಪಾಲಿನ ಸೆಳೆತವನ್ನು ಹೊರಬೇಕಾಗಿದೆ.