ರಗ್ಬಿ ಆಟದಲ್ಲಿ ತರಬೇತುದಾರನ ಪ್ರತಿಭೆ: ಅದರ ಪೋಷಣೆ ಮತ್ತು ಸಂರಕ್ಷಣೆ

ಪ್ರತಿಭಾವಂತನಾದ ಆಟಗಾರನನ್ನು ಗುರುತಿಸುವುದು ಸುಲಭ. ಮೈದಾನದಲ್ಲಿ ಅವನ ಓಟವೇ ಅವನಿಗೆ ಸಾಕ್ಷಿ. ಪ್ರತಿಭಾವಂತನಾದ ತರಬೇತುದಾರನನ್ನು ಗುರುತಿಸುವುದು ಅಷ್ಟು ಸುಲಭವಲ್ಲ. ಅವನ ಕೆಲಸ ಇತರರ ಮೈಯಲ್ಲಿ ಪ್ರಕಟವಾಗತಕ್ಕದ್ದು. ಅದು ಫಲಿಸುವುದಕ್ಕೆ ವರ್ಷಗಳು ಬೇಕು. ಫಲಿಸುವ ಮೊದಲೇ ಸೋಲು ಒದಗಿದರೆ ಹೊಣೆ ಮಾತ್ರ ಪೂರ್ತಿಯಾಗಿ ಅವನದಾಗುತ್ತದೆ. ಇಂತಹ ವ್ಯಕ್ತಿಗಳನ್ನು ಒಂದು ಕ್ರೀಡಾಸಂಸ್ಥೆ ಹೇಗೆ ಬೆಳೆಸುತ್ತದೆ, ಬೆಳೆಸಿದ ಮೇಲೆ ಹೇಗೆ ಉಳಿಸಿಕೊಳ್ಳುತ್ತದೆ ಅಥವಾ ಕಳೆದುಕೊಳ್ಳುತ್ತದೆ ಎಂಬುದನ್ನು ರಗ್ಬಿ ಆಟದ ಇತಿಹಾಸವನ್ನು ಆಧಾರವಾಗಿಟ್ಟುಕೊಂಡು ವಿವೇಚಿಸುವುದು ಈ ಲೇಖನದ ಉದ್ದೇಶ. ನಮ್ಮ ನಾಡಿನಲ್ಲಿ ಈ ಆಟದ ಪರಿಚಯ ಕಡಮೆ. ಆದರೂ ಅದಕ್ಕೂ ನಮ್ಮ ದೇಶಕ್ಕೂ ಒಂದು ಹಳೆಯ ನಂಟುಂಟು: ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್ ತಂಡಗಳು 1879ರಿಂದ ಸ್ಪರ್ಧಿಸುತ್ತ ಬಂದಿರುವ ಬೆಳ್ಳಿಯ ಪಾತ್ರೆ, ಕಲ್ಕತ್ತೆಯ ಕ್ಲಬ್ಬೊಂದು ಮುಚ್ಚಿದಾಗ ಅದರ ಲೆಕ್ಕದಲ್ಲಿ ಉಳಿದಿದ್ದ ರೂಪಾಯಿ ನಾಣ್ಯಗಳನ್ನು ಕರಗಿಸಿ ಮಾಡಿಸಿದ್ದು.

ಹದಿನೈದು ಮಂದಿ ಆಡುವ ಈ ಆಟದಲ್ಲಿ ಚೆಂಡನ್ನು ಕೈಯಿಂದ ಹಿಂದಕ್ಕೆ ಅಥವಾ ಪಕ್ಕಕ್ಕೆ ಮಾತ್ರ ಎಸೆಯಬಹುದು. ಮುನ್ನಡೆಯಬೇಕಾದರೆ ಚೆಂಡು ಹಿಡಿದು ಓಡಬೇಕು, ಇಲ್ಲವೆ ಒದೆಯಬೇಕು. ಓಡುವವನನ್ನು ಎದುರಾಳಿ ಕೆಡವಿದೊಡನೆ ಚೆಂಡಿಗಾಗಿ ಹೊಸ ಸೆಣಸಾಟ ಆರಂಭವಾಗುತ್ತದೆ. ದಾಳಿ, ರಕ್ಷಣೆ, ಒದೆತ, ಗುಂಪುಸೆಣಸು ಇವೆಲ್ಲ ಬೇರೆ ಬೇರೆ ವಿದ್ಯೆಗಳು. ಆದ್ದರಿಂದ ಯೋಚಿಸಬಲ್ಲ ಶಿಕ್ಷಕನಿಗೆ ಇಲ್ಲಿರುವಷ್ಟು ಅವಕಾಶ ಬೇರೆ ಆಟಗಳಲ್ಲಿ ವಿರಳ. ವಿಚಿತ್ರವೆಂದರೆ, ಬಹುಕಾಲ ಈ ಆಟ ಶಿಕ್ಷಕನನ್ನೇ ಸಂಶಯದಿಂದ ಕಂಡಿತು. ಆಟ ಸಜ್ಜನರ ಹವ್ಯಾಸ. ಅದಕ್ಕೆ ಪಾಠ ಹೇಳಿಸಿಕೊಳ್ಳುವುದು ಹವ್ಯಾಸದ ಘನತೆಗೆ ಕುಂದು ಎಂಬ ಭಾವನೆ ಬಲವಾಗಿತ್ತು. ವೇಲ್ಸ್‌ನ ಸಂಸ್ಥೆ 1967ರಲ್ಲಿ ರೇ ವಿಲಿಯಮ್ಸ್ ಅವರನ್ನು ತರಬೇತಿಯ ವ್ಯವಸ್ಥಾಪಕರನ್ನಾಗಿ ನೇಮಿಸಿ ಮೊದಲ ಹೆಜ್ಜೆಯಿಟ್ಟಿತು. ಇಂಗ್ಲೆಂಡ್ 1969ರಲ್ಲಿ ತನ್ನ ರಾಷ್ಟ್ರೀಯ ತಂಡಕ್ಕೆ ತರಬೇತುದಾರರೊಬ್ಬರನ್ನು ಪಡೆಯಿತು. ಸ್ಕಾಟ್‌ಲೆಂಡಾದರೋ 1971ರಲ್ಲಿ ಬಿಲ್ ಡಿಕಿನ್‌ಸನ್ ಅವರನ್ನು ನೇಮಿಸಿಕೊಂಡಾಗ 'ತರಬೇತುದಾರ' ಎಂಬ ಹೆಸರನ್ನು ಬಳಸಲೂ ಹಿಂಜರಿದು 'ನಾಯಕನ ಸಲಹೆಗಾರ' ಎಂದು ಕರೆಯಿತು.

ಈ ಮನೋಧರ್ಮದ ಬೆಲೆಯೆಷ್ಟೆಂಬುದನ್ನು ತಿಳಿಯಲು ಕಾರ್ವಿನ್ ಜೇಮ್ಸ್ ಅವರ ಜೀವನವನ್ನು ನೋಡಬೇಕು. ಅಧ್ಯಾಪಕರಾದ ನಮ್ಮ ವಾಚಕರಿಗೆ ಅದು ವಿಶೇಷವಾಗಿ ಹತ್ತಿರವಾದೀತು. ಏಕೆಂದರೆ ಜೇಮ್ಸ್ ಅವರು ಕಾರ್ಮಾರ್ಥೆನ್‌ನ ಟ್ರಿನಿಟಿ ಕಾಲೇಜಿನಲ್ಲಿ ವೇಲ್ಸ್ ದೇಶಭಾಷೆಯ ಅಧ್ಯಾಪಕರಾಗಿದ್ದವರು. ಗಣಿಗಾರರ ಹಳ್ಳಿಯಿಂದ ಬಂದು, ಸ್ವಭಾಷೆಯ ಸಾಹಿತ್ಯವನ್ನು ಬೋಧಿಸುತ್ತಿದ್ದ ಈ ಮೃದುಭಾಷಿಗೆ 1971ರಲ್ಲಿ ನ್ಯೂಜಿಲೆಂಡ್ ಪ್ರವಾಸ ಹೊರಟ ಬ್ರಿಟಿಷ್ ಲಯನ್ಸ್ ತಂಡದ ತರಬೇತಿ ಲಭಿಸಿತು. ತಾನು ಆಜ್ಞಾಪಿಸುವುದಕ್ಕಿಂತ ಆಟಗಾರರನ್ನು ಪ್ರಶ್ನಿಸುವುದು, ಅವರಿಂದಲೇ ಉತ್ತರ ಹೊರಡಿಸುವುದು ಅವರ ಕ್ರಮ. ತರಗತಿಯಲ್ಲಿ ಒಳ್ಳೆಯ ಅಧ್ಯಾಪಕ ಮಾಡುವುದೂ ಇದೇ ಅಲ್ಲವೆ? ಸರಣಿಯ ನಾಲ್ಕು ಪಂದ್ಯಗಳಲ್ಲಿ ಲಯನ್ಸ್ ಎರಡನ್ನು ಗೆದ್ದು, ಒಂದನ್ನು ಸೋತು, ಕಡೆಯದನ್ನು 14–14ರಲ್ಲಿ ಸಮ ಮಾಡಿಕೊಂಡರು. ನ್ಯೂಜಿಲೆಂಡಿನ ನೆಲದಲ್ಲಿ ಲಯನ್ಸ್ ಗೆದ್ದಿರುವ ಸರಣಿ ಇಂದಿಗೂ ಅದೊಂದೇ. ಮುಂದಿನ ವರ್ಷ, 1972ರ ಅಕ್ಟೋಬರ್ 31ರಂದು, ಜೇಮ್ಸ್ ಅವರ ಸ್ವಂತ ಕ್ಲಬ್ಬಾದ ಲನೆತ್ಲಿ ಅದೇ ನ್ಯೂಜಿಲೆಂಡನ್ನು 9–3ರಿಂದ ಸೋಲಿಸಿತು.

ಇಂತಹವರು ವೇಲ್ಸ್ ತಂಡದ ತರಬೇತುದಾರರಾಗಲೇ ಇಲ್ಲ. ಆಗ ತಂಡವನ್ನು ಆರಿಸುವ ಅಧಿಕಾರ ಐವರ ಸಮಿತಿಯ ಕೈಯಲ್ಲಿತ್ತು. ತಂಡದ ಹೊಣೆ ಹೊರುವವನಿಗೆ ಆಯ್ಕೆಯಲ್ಲಿಯೂ ನಿರ್ಣಾಯಕವಾದ ಅಧಿಕಾರವಿರಬೇಕು, ಜೊತೆಗಾರರನ್ನು ಅವನೇ ಆರಿಸಿಕೊಳ್ಳಬೇಕು ಎಂದು ಜೇಮ್ಸ್ ವಾದಿಸಿದರು. ಸಂಸ್ಥೆ ಇದಕ್ಕೆ ಒಪ್ಪದೆಂದು ಕಂಡಾಗ 1974ರಲ್ಲಿ ತಮ್ಮ ಹೆಸರನ್ನು ಹಿಂತೆಗೆದುಕೊಂಡರು. ಅವರು ಕೇಳಿದ್ದು ಹಣವನ್ನಲ್ಲ, ಹಣ ಕೇಳುವ ಕಾಲವೂ ಅದಲ್ಲ. ಕೇಳಿದ್ದು ಹೊಣೆಗೆ ತಕ್ಕ ಅಧಿಕಾರವನ್ನು. 1977ರಲ್ಲಿ ಇಟಲಿಯ ರೊವಿಗೊ ನಗರದ ಕ್ಲಬ್ಬು ಅವರನ್ನು ಕರೆಯಿಸಿಕೊಂಡು, 1979ರಲ್ಲಿ ಆ ದೇಶದ ಪ್ರಶಸ್ತಿಯನ್ನು ಗಳಿಸಿತು. ಜೇಮ್ಸ್ 1983ರಲ್ಲಿ ತೀರಿಕೊಂಡರು. ಇಂದು ತರಬೇತುದಾರನಿಗೆ ಆಯ್ಕೆಯ ಅಧಿಕಾರ ಎಲ್ಲೆಡೆಯೂ ಸಾಮಾನ್ಯವಾಗಿದೆ.

1995ರ ಆಗಸ್ಟ್‌ನಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಮಂಡಲಿಯು ಹವ್ಯಾಸದ ನಿಯಮವನ್ನು ತೆಗೆದುಹಾಕಿ, ಆಟ ವೃತ್ತಿಯಾಯಿತು. ಇದರ ಫಲಗಳಲ್ಲಿ ಎಲ್ಲರೂ ಗಮನಿಸಿದ್ದು ವೇತನವನ್ನು. ಕಡಮೆ ಜನ ಗಮನಿಸಿದ್ದು ಮತ್ತೊಂದನ್ನು: ನೂರು ವರ್ಷಗಳ ಹಿಂದೆ ಎದ್ದಿದ್ದ ಗೋಡೆಯೊಂದು ಅಂದು ಬಿದ್ದಿತು. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು, ಕೂಲಿ ತಪ್ಪಿಸಿಕೊಂಡು ಆಡುವ ಕಾರ್ಮಿಕರಿಗೆ ಪರಿಹಾರ ಕೊಡಬೇಕೆಂಬ ವಿಷಯದಲ್ಲಿ ಜಗಳವಾಡಿ ಪ್ರತ್ಯೇಕವಾಗಿದ್ದವು. ಅವುಗಳ ಆಟ ಹದಿಮೂರು ಮಂದಿಯ 'ರಗ್ಬಿ ಲೀಗ್' ಆಗಿ ಬೆಳೆಯಿತು. ಅದನ್ನು ಆಡಿದವನಿಗೆ ಹಳೆಯ ಆಟದಲ್ಲಿ ಬಹಿಷ್ಕಾರ. ಲೀಗ್ ಆಟದಲ್ಲಿ ಕೆಡವಲ್ಪಟ್ಟವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ; ಅಷ್ಟರಲ್ಲಿ ರಕ್ಷಕರು ಹಿಂದೆ ಸರಿದು ಮತ್ತೆ ಸಾಲುಗೂಡಬೇಕು. ಹೀಗೆ ಪ್ರತಿ ಸಲವೂ ಸಾಲು ಕಟ್ಟುವ ಅವಶ್ಯಕತೆಯಿಂದ, ರಕ್ಷಣೆಯ ಸಾಲನ್ನು ಒಂದೇ ಗೋಡೆಯಂತೆ ಮುನ್ನುಗ್ಗಿಸುವ ಶಾಸ್ತ್ರವೇ ಅಲ್ಲಿ ಸಿದ್ಧವಾಗಿತ್ತು. ಬಹಿಷ್ಕಾರವು ಮನುಷ್ಯರೊಡನೆ ಈ ಜ್ಞಾನವನ್ನೂ ಹೊರಗಿಟ್ಟಿತ್ತು.

ಗೋಡೆ ಬಿದ್ದ ಮೇಲೆ ದಾಟಿಬಂದವರಲ್ಲಿ ಲೀಗ್‌ನ ಶಿಕ್ಷಕರೂ ಇದ್ದರು. 1997ರಲ್ಲಿ ಇಂಗ್ಲೆಂಡಿನ ರಕ್ಷಣೆಯನ್ನು ವಹಿಸಿಕೊಂಡ ಫಿಲ್ ಲಾರ್ಡರ್ 2003ರ ವಿಶ್ವಕಪ್ ವಿಜಯದಲ್ಲಿ ಪಾಲುದಾರರು. ವಿಗನ್ ಕ್ಲಬ್ಬಿನ ಹಳೆಯ ಆಟಗಾರ ಶಾನ್ ಎಡ್ವರ್ಡ್ಸ್ 2008ರಲ್ಲಿ ವೇಲ್ಸ್ ತಂಡವನ್ನು ಸೇರಿದರು. ಆ ವರ್ಷದ ಆರು ರಾಷ್ಟ್ರಗಳ ಪಂದ್ಯಾವಳಿಯ ಐದು ಪಂದ್ಯಗಳಲ್ಲಿ ವೇಲ್ಸ್ ಬಿಟ್ಟುಕೊಟ್ಟ 'ಟ್ರೈ'ಗಳು ಎರಡೇ. ಹೊಸ ಕಲ್ಪನೆ ಬಹುಮಟ್ಟಿಗೆ ಪಕ್ಕದ ಹೊಲದಿಂದ ಬರುತ್ತದೆಯೆಂಬುದಕ್ಕೆ ಇವು ಉದಾಹರಣೆ. ದಕ್ಷಿಣ ಆಫ್ರಿಕದ ಜಾಕ್ ನೀನಾಬರ್ ಅವರದು ಇನ್ನೂ ದೂರದ ಹೊಲ. ಅವರು ಮೂಲತಃ ಅಂಗಮರ್ದನ ವ್ಯಾಯಾಮಗಳಿಂದ ಗಾಯಾಳುಗಳನ್ನು ಗುಣಪಡಿಸುವ ಚಿಕಿತ್ಸಕರು. ಅಲ್ಲಿಂದ ದೇಹದಾರ್ಢ್ಯದ ಶಿಕ್ಷಣಕ್ಕೂ, ಅಲ್ಲಿಂದ ರಕ್ಷಣೆಗೂ ಸಾಗಿ, 2020ರಲ್ಲಿ ರಾಷ್ಟ್ರೀಯ ತಂಡದ ಮುಖ್ಯ ತರಬೇತುದಾರರಾದರು. ದೊಡ್ಡ ಆಟಗಾರನೇ ದೊಡ್ಡ ಗುರುವಾಗುತ್ತಾನೆಂಬ ನಂಬಿಕೆಯಿಂದ ಆಯ್ಕೆ ಮಾಡುವ ಸಂಸ್ಥೆಗೆ ಇಂತಹವರು ಕಣ್ಣಿಗೆ ಬೀಳುವುದೇ ಇಲ್ಲ.

ಬೆಳೆಸುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಇದಕ್ಕೆ ನ್ಯೂಜಿಲೆಂಡ್ ಅತ್ಯುತ್ತಮ ನಿದರ್ಶನ. ಅಲ್ಲಿ ಶಾಲೆಗಳಲ್ಲಿ ರಗ್ಬಿ ಬೇರೂರಿದೆ. ಒಳ್ಳೆಯ ತರಬೇತುದಾರರಲ್ಲಿ ಅನೇಕರು ಶಾಲಾಶಿಕ್ಷಕರಾಗಿದ್ದವರು. ಆದರೆ ಉನ್ನತ ಸ್ಥಾನಗಳು ಬೆರಳೆಣಿಕೆಯಷ್ಟು: ಐದು ಪ್ರಾಂತೀಯ ವೃತ್ತಿತಂಡಗಳು, ಒಂದು ರಾಷ್ಟ್ರೀಯ ತಂಡ. ಉಳಿದವರು ಹೊರಗೆ ಹೋಗಲೇಬೇಕು. 2019ರ ವಿಶ್ವಕಪ್ಪಿನ ಇಪ್ಪತ್ತು ತಂಡಗಳಲ್ಲಿ ನ್ಯೂಜಿಲೆಂಡ್, ವೇಲ್ಸ್, ಐರ್ಲೆಂಡ್, ಜಪಾನ್, ಫಿಜಿ, ಸಮೋವ, ಜಾರ್ಜಿಯ ಈ ಏಳಕ್ಕೂ ನ್ಯೂಜಿಲೆಂಡಿನವರೇ ಮುಖ್ಯ ತರಬೇತುದಾರರು. ಆಕ್ಲೆಂಡಿನ ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿದ್ದ ಗ್ರಹಾಂ ಹೆನ್ರಿ 1998ರಲ್ಲಿ ವೇಲ್ಸ್‌ಗೆ ಹೊರಟಾಗ ಸಂಸ್ಥೆ ಸಿಟ್ಟಾಯಿತು. ಪರರಾಷ್ಟ್ರದ ತಂಡವನ್ನು ಕಲಿಸಿದವನು ಮುಂದೆ ಸ್ವದೇಶದ ತಂಡವನ್ನು ಕಲಿಸತಕ್ಕದ್ದಲ್ಲ ಎಂದು ನಿಯಮ ಮಾಡಿತು. ಹೊರಗೆ ಕಲಿತು ಬಂದವನ ಅನುಭವವನ್ನೇ ದೂರವಿಡುವ ಈ ನಿಯಮ ನನ್ನ ದೃಷ್ಟಿಯಲ್ಲಿ ಶುದ್ಧ ಅವಿವೇಕ. ಅದು ನಿಲ್ಲಲಿಲ್ಲ, 2004ರಲ್ಲಿ ಹೆನ್ರಿಯವರೇ ರಾಷ್ಟ್ರೀಯ ತಂಡಕ್ಕೆ ಬಂದರು. ಅವರ ಸಹಾಯಕರಲ್ಲೊಬ್ಬರಾದ ಸ್ಟೀವ್ ಹ್ಯಾನ್ಸೆನ್ ವೇಲ್ಸ್‌ನಲ್ಲಿ ಅವರ ಸ್ಥಾನವನ್ನು ವಹಿಸಿದ್ದವರು. ಮತ್ತೊಬ್ಬ ಸಹಾಯಕರು ವೇಯ್ನ್ ಸ್ಮಿತ್.

2007ರಲ್ಲಿ ಹೆನ್ರಿ ಒಂದು ದೊಡ್ಡ ಪ್ರಯೋಗ ಮಾಡಿದರು. ಇಪ್ಪತ್ತೆರಡು ಪ್ರಮುಖ ಆಟಗಾರರನ್ನು ಪ್ರಾಂತೀಯ ಸ್ಪರ್ಧೆಯ ಮೊದಲ ಸುತ್ತುಗಳಿಂದ ಬಿಡಿಸಿ ದೇಹಸಾಧನೆಗೆ ಹಚ್ಚಿದರು. ಅದೇ ವರ್ಷದ ಅಕ್ಟೋಬರ್ 6ರಂದು ಕಾರ್ಡಿಫ್‌ನಲ್ಲಿ ಫ್ರಾನ್ಸಿನೆದುರು 20–18ರಿಂದ ಸೋತು ತಂಡ ವಿಶ್ವಕಪ್ಪಿನ ಕ್ವಾರ್ಟರ್ ಫೈನಲಿನಲ್ಲಿಯೇ ಹೊರಬಿದ್ದಿತು. ಪ್ರಯೋಗವೇ ಸೋಲಿಗೆ ಕಾರಣವೆಂದು ದೇಶವೆಲ್ಲ ದೂರಿತು. 1999ರಲ್ಲಿಯೂ 2003ರಲ್ಲಿಯೂ ಸೋತ ತರಬೇತುದಾರರು ಹೊರಟುಹೋಗಿದ್ದರು. ಎದುರಿಗೆ ಅತ್ಯಂತ ಯೋಗ್ಯರಾದ ರಾಬಿ ಡೀನ್ಸ್ ಇದ್ದರು. ಕ್ರೂಸೇಡರ್ಸ್ ತಂಡಕ್ಕೆ ಅವರು ಆ ವೇಳೆಗೆ ನಾಲ್ಕು ಪ್ರಶಸ್ತಿಗಳನ್ನು ತಂದಿದ್ದರು, ಐದನೆಯದು 2008ರಲ್ಲಿ ಬಂದಿತು. ಹೀಗಿದ್ದೂ 2007ರ ಡಿಸೆಂಬರಿನಲ್ಲಿ ಸಂಸ್ಥೆ ಹೆನ್ರಿಯವರನ್ನೇ ಮತ್ತೆ ನೇಮಿಸಿತು. ಸೋತ ಪ್ರಯೋಗದಿಂದ ಪಾಠ ಕಲಿತವನು ಆ ಪಾಠದೊಡನೆ ಮನೆಯಲ್ಲಿಯೇ ಉಳಿಯಲಿ ಎಂಬ ಈ ನಿರ್ಣಯಕ್ಕೆ ಧೈರ್ಯ ಬೇಕಾಗಿತ್ತು.

ಉಳಿದವರು ಹಳೆಯ ದಾರಿಯಲ್ಲಿಯೇ ನಡೆಯಲಿಲ್ಲವೆಂಬುದು ಮುಖ್ಯ. 2009ರಲ್ಲಿ ದಕ್ಷಿಣ ಆಫ್ರಿಕದೆದುರು ಮೂರು ಸಲ ಸೋತ ಮೇಲೆ ಮೂವರೂ ತಮ್ಮ ತಮ್ಮ ಕೆಲಸಗಳನ್ನು ಅದಲುಬದಲು ಮಾಡಿಕೊಂಡರು: ಮುಂಚೂಣಿಯ ಆಟಗಾರರನ್ನು ಹೆನ್ರಿ, ದಾಳಿಯನ್ನು ಹ್ಯಾನ್ಸೆನ್, ರಕ್ಷಣೆಯನ್ನು ಸ್ಮಿತ್ ವಹಿಸಿಕೊಂಡರು. ಒಂದೇ ವಿಷಯವನ್ನು ಹಲವು ವರ್ಷ ಬೋಧಿಸಿದ ಅಧ್ಯಾಪಕರ ಟಿಪ್ಪಣಿಗಳು ಹಳದಿಯಾಗುವುದನ್ನು ಬಲ್ಲವರಿಗೆ ಇದರ ಪ್ರಯೋಜನವನ್ನು ವಿವರಿಸಬೇಕಾಗಿಲ್ಲ. 2011ರ ಸೆಮಿಫೈನಲಿನಲ್ಲಿ ಅವರೆದುರು ನಿಂತದ್ದು ಡೀನ್ಸ್ ಅವರ ಆಸ್ಟ್ರೇಲಿಯ. ನ್ಯೂಜಿಲೆಂಡ್ 20–6ರಿಂದ ಗೆದ್ದು, ಬಳಿಕ ಫ್ರಾನ್ಸನ್ನು 8–7ರಿಂದ ಸೋಲಿಸಿ ವಿಶ್ವಕಪ್ ಪಡೆಯಿತು. ಹ್ಯಾನ್ಸೆನ್ 2012ರಲ್ಲಿ ಮುಖ್ಯಸ್ಥರಾಗಿ 107 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 93ನ್ನು ಗೆದ್ದರು; 2015ರ ವಿಶ್ವಕಪ್ಪೂ ಅವರದಾಯಿತು.

ಆದರೆ ಒಳಗಿನವರಿಗೇ ಉತ್ತರಾಧಿಕಾರವೆಂಬ ಪದ್ಧತಿಗೆ ತನ್ನದೇ ಆದ ದೋಷವುಂಟು. 2019ರಲ್ಲಿ ಹ್ಯಾನ್ಸೆನ್ ಅವರ ಸಹಾಯಕ ಇಯಾನ್ ಫಾಸ್ಟರ್ ಅವರನ್ನು ನೇಮಿಸಿದಾಗ, ಕ್ರೂಸೇಡರ್ಸ್ ತಂಡದ ಸ್ಕಾಟ್ ರಾಬರ್ಟ್‌ಸನ್ ಹೊರಗುಳಿದರು. ಅವರು 2017ರಿಂದ 2023ರವರೆಗೆ ವರ್ಷವೂ ಒಂದು ಪ್ರಶಸ್ತಿ ಗೆಲ್ಲುತ್ತ ಕಾದರು. ಅವರೂ ಪರದೇಶಕ್ಕೆ ಹೋದಾರೆಂಬ ಭಯದಿಂದಲೋ ಏನೋ, ವಿಶ್ವಕಪ್ಪಿಗೆ ಮೊದಲೇ, 2023ರ ಮಾರ್ಚಿನಲ್ಲಿ, ಮುಂದಿನ ತರಬೇತುದಾರರು ಅವರೆಂದು ಸಂಸ್ಥೆ ಘೋಷಿಸಿತು. ಅಧಿಕಾರದಲ್ಲಿದ್ದ ಫಾಸ್ಟರ್ ಆ ಅವಮಾನವನ್ನು ಹೊತ್ತುಕೊಂಡೇ ತಂಡವನ್ನು ಫೈನಲಿಗೆ ಕೊಂಡೊಯ್ದು 12–11ರಿಂದ ಸೋತರು. ಒಬ್ಬರನ್ನು ಉಳಿಸಿಕೊಳ್ಳುವ ಆತುರ ಇನ್ನೊಬ್ಬರ ಮೇಲೆ ಬಿದ್ದ ರೀತಿ ಇದು.

ಇಂಗ್ಲೆಂಡಿನದು ಇದಕ್ಕೆ ವಿರುದ್ಧವಾದ ಕಥೆ. 2015ರಲ್ಲಿ ತವರಿನ ವಿಶ್ವಕಪ್ಪಿನಲ್ಲಿ ಮೊದಲ ಹಂತದಲ್ಲಿಯೇ ಸೋತಾಗ ಸ್ಟುವರ್ಟ್ ಲ್ಯಾಂಕಾಸ್ಟರ್, ಅವರ ಸಹಾಯಕ ಆಂಡಿ ಫಾರೆಲ್ ಇಬ್ಬರೂ ಹೊರಬಿದ್ದರು. ಇಬ್ಬರನ್ನೂ ಐರ್ಲೆಂಡ್ ಬರಮಾಡಿಕೊಂಡಿತು. ಲ್ಯಾಂಕಾಸ್ಟರ್ ಇದ್ದ ಲೆನ್‌ಸ್ಟರ್ ತಂಡ 2018ರಲ್ಲಿ ಯೂರೋಪಿನ ಪ್ರಶಸ್ತಿ ಗಳಿಸಿತು. ಫಾರೆಲ್ ಐರ್ಲೆಂಡಿನ ಮುಖ್ಯಸ್ಥರಾಗಿ 2023ರಲ್ಲಿ ಆರು ರಾಷ್ಟ್ರಗಳ ಎಲ್ಲ ಪಂದ್ಯಗಳನ್ನೂ ಗೆದ್ದರು. ಸೋಲಿನ ಶಿಕ್ಷಣಕ್ಕೆ ಶುಲ್ಕ ತೆತ್ತದ್ದು ಇಂಗ್ಲೆಂಡ್, ಪದವಿ ಪಡೆದದ್ದು ಐರ್ಲೆಂಡ್.

ಉಳಿಸಿಕೊಳ್ಳುವುದೆಂದರೆ ಕಟ್ಟಿಹಾಕುವುದಲ್ಲವೆಂಬುದಕ್ಕೆ ದಕ್ಷಿಣ ಆಫ್ರಿಕವನ್ನು ನೋಡಬಹುದು. ರಾಸಿ ಎರಾಸ್ಮಸ್ 2019ರ ವಿಶ್ವಕಪ್ ಗೆದ್ದ ಬಳಿಕ ಮುಖ್ಯ ಪದವಿಯನ್ನು ನೀನಾಬರ್ ಅವರಿಗೆ ಬಿಟ್ಟು, ನಿರ್ದೇಶಕರಾಗಿ ಹಿಂದೆ ನಿಂತರು. 2023ರಲ್ಲಿ ಮತ್ತೆ ಗೆದ್ದ ಮೇಲೆ ನೀನಾಬರ್ ಐರ್ಲೆಂಡಿನ ಲೆನ್‌ಸ್ಟರ್‌ಗೆ ಹೋದರು. ಎರಾಸ್ಮಸ್ ಪುನಃ ಮುಂದೆ ಬಂದು, 2024ರಲ್ಲಿ ನ್ಯೂಜಿಲೆಂಡಿನ ಟೋನಿ ಬ್ರೌನ್, ಐರ್ಲೆಂಡಿನ ಜೆರಿ ಫ್ಲ್ಯಾನರಿ ಅವರನ್ನು ಸಹಾಯಕರನ್ನಾಗಿ ಕರೆತಂದರು. ಐರ್ಲೆಂಡಿನವರೇ ಆದ ಫೀಲಿಕ್ಸ್ ಜೋನ್ಸ್, ಕುತ್ತಿಗೆಯ ಗಾಯದಿಂದ 2015ರಲ್ಲಿ ಆಟ ಬಿಡಬೇಕಾಗಿ ಬಂದು ಚಿಕ್ಕ ವಯಸ್ಸಿನಲ್ಲಿಯೇ ಶಿಕ್ಷಕರಾದವರು, 2019ರಿಂದ ಎರಡು ವಿಶ್ವಕಪ್ಪುಗಳಲ್ಲಿ ಈ ತಂಡದೊಡನೆ ದುಡಿದು ಇಂಗ್ಲೆಂಡಿಗೆ ತೆರಳಿದರು. 2024ರ ಆಗಸ್ಟ್‌ನಲ್ಲಿ ಅಲ್ಲಿ ರಾಜೀನಾಮೆ ಕೊಟ್ಟು, 2025ರಲ್ಲಿ ದಕ್ಷಿಣ ಆಫ್ರಿಕದ ತಂಡಕ್ಕೇ ಹಿಂದಿರುಗಿದರು.