ಉಪವಾಸ ತಡೆಯುವ ಕಪ್ಪು ಕಾಳು

ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ವೈನರಿಯ ನೆಲ ಒಣಗುವುದೇ ಇಲ್ಲ. ಹಣ್ಣು ಹಿಂಡುವ ಯಂತ್ರ, ಟ್ಯಾಂಕು, ಪೈಪು, ಮರದ ಪೀಪಾಯಿ ಎಲ್ಲವನ್ನೂ ತೊಳೆಯುತ್ತಲೇ ಇರಬೇಕು. ತೊಳೆದ ನೀರಿನಲ್ಲಿ ಸಕ್ಕರೆ, ಆಲ್ಕೋಹಾಲ್, ಹಣ್ಣಿನ ಹುಳಿ, ಯೀಸ್ಟಿನ ಗಸಿ ಇರುತ್ತವೆ. ಹೆಚ್ಚಿನದೆಲ್ಲ ಆಹಾರವೇ. ಹಳ್ಳಕ್ಕೆ ಬಿಟ್ಟರೆ ಅನಾಹುತವಾಗುವುದೂ ಅದಕ್ಕೇ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುವ ಭರದಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಬಿಡುತ್ತವೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ.

ಕೊಳೆಯನ್ನು ಅಳೆಯುವುದೂ ಆಮ್ಲಜನಕದ ಲೆಕ್ಕದಲ್ಲೇ. ಅದಕ್ಕೆ ಸಿಒಡಿ ಎನ್ನುತ್ತಾರೆ. ಊರ ಚರಂಡಿ ನೀರಿನಲ್ಲಿ ಅದು ಲೀಟರಿಗೆ 500 ಮಿಲಿಗ್ರಾಂ ಆಸುಪಾಸು, ವೈನರಿ ನೀರಿನಲ್ಲಿ ಹಲವು ಸಾವಿರ. ಕಾಕಂಬಿಯಿಂದ ಮದ್ಯಸಾರ ತೆಗೆಯುವ ಡಿಸ್ಟಿಲರಿಯ ಸ್ಪೆಂಟ್ ವಾಷ್‌ನಲ್ಲಿ 1 ಲಕ್ಷದ ಹತ್ತಿರ.

ಗಾಳಿ ಊದಿ ಶುದ್ಧ ಮಾಡಬಹುದು. ಆದರೆ ಬ್ಲೋವರಿಗೆ ಹಗಲೂ ರಾತ್ರಿ ಕರೆಂಟು ಬೇಕು, ಕೊಳೆಯ ಅರ್ಧದಷ್ಟು ಬ್ಯಾಕ್ಟೀರಿಯಾಗಳ ಮೈಯಾಗಿ ಬೆಳೆದು ರಾಡಿಯಾಗಿ ಉಳಿಯುತ್ತದೆ. ಗಾಳಿಯೇ ಇಲ್ಲದ ತೊಟ್ಟಿಯಲ್ಲಿ ನಡೆಯುವುದು ನಮ್ಮ ಹಿತ್ತಿಲ ಗೋಬರ್ ಗ್ಯಾಸಿನ ಕೆಲಸವೇ. ಒಂದು ಗುಂಪು ಸಕ್ಕರೆಯನ್ನು ಹುಳಿಯಾಗಿಸುತ್ತದೆ, ಇನ್ನೊಂದು ಆ ಹುಳಿಯನ್ನು ಅಸಿಟಿಕ್ ಆಮ್ಲ, ಜಲಜನಕಕ್ಕೆ ಇಳಿಸುತ್ತದೆ, ಕೊನೆಯದು ಮೀಥೇನ್ ಮಾಡುತ್ತದೆ. 1 ಕಿಲೋ ಸಿಒಡಿ ಕಳೆದರೆ ಸುಮಾರು 350 ಲೀಟರ್ ಮೀಥೇನ್. ರಾಡಿ ಹೆಚ್ಚೆಂದರೆ ಹತ್ತರಲ್ಲೊಂದು ಪಾಲು.

ತೊಡಕಿರುವುದು ಆ ಕೊನೆಯ ಗುಂಪಿನಲ್ಲಿ. ಅವು ಬ್ಯಾಕ್ಟೀರಿಯಾಗಳೇ ಅಲ್ಲ, ಆರ್ಕಿಯಾ ಎಂಬ ಬೇರೆ ಕುಲ. ಒಂದು ಎರಡಾಗಲು ಎಷ್ಟೋ ಸಲ ದಿನಗಳೇ ಹಿಡಿಯುತ್ತವೆ. ಸೆಗಣಿ ಬಗ್ಗಡ ಗುಂಡಿಯಲ್ಲಿ ತಿಂಗಳು ಮೀರಿ ನಿಲ್ಲುವುದರಿಂದ ಅಲ್ಲಿ ಚಿಂತೆಯಿಲ್ಲ. ಕಾರ್ಖಾನೆಯ ನೀರನ್ನು ಹಾಗೆ ನಿಲ್ಲಿಸಲು ಕೆರೆಯಷ್ಟು ತೊಟ್ಟಿ ಬೇಕು. ಬೇಗ ಹರಿಸಿದರೆ ನೀರಿನೊಡನೆ ಇವೂ ಕೊಚ್ಚಿಹೋಗುತ್ತವೆ.

1970ರ ದಶಕದಲ್ಲಿ ನೆದರ್ಲೆಂಡ್ಸ್‌ನ ವಾಗನಿಂಗನ್‌ನಲ್ಲಿ ಗಾಟ್ಸೆ ಲೆಟ್ಟಿಂಗಾ ಮತ್ತು ಜೊತೆಗಾರರು ಬೀಟ್ ಸಕ್ಕರೆ ಕಾರ್ಖಾನೆಯ ನೀರಿನ ಮೇಲೆ ಕೆಲಸ ಮಾಡುತ್ತ ಈ ಗಂಟು ಬಿಡಿಸಿದರು. ನೀರನ್ನು ತಳದಿಂದ ಮೆಲ್ಲಗೆ ಮೇಲಕ್ಕೆ ಏರಿಸಿದರು. ಕಣದಲ್ಲಿ ರಾಗಿ ತೂರಿದ ಹಾಗೆ, ಬಿಡಿಯಾಗಿ ತೇಲುವ ಜೀವಾಣುಗಳು ಜೊಳ್ಳಿನಂತೆ ಹೊರಹೋದವು, ಒಂದಕ್ಕೊಂದು ಅಂಟಿ ಭಾರವಾದವು ಕೆಳಗೇ ಉಳಿದವು. ತಿಂಗಳುಗಟ್ಟಲೆ ಹೀಗೆ ತೂರಿದ ಮೇಲೆ ಕಾಳು ಕಟ್ಟಿತು.

ಅಂಗೈಯಲ್ಲಿ ಹಾಕಿಕೊಂಡರೆ ರಾಗಿ, ಸಾಸಿವೆಯಷ್ಟೇ ಗಾತ್ರ. ಕಪ್ಪಗಿನ ಮೈ, ಒತ್ತಿದರೆ ತುಸು ಮೆತ್ತಗೆ, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷ್ಟೋ ಕಾಳುಗಳಲ್ಲಿ ಹುಳಿ ಮಾಡುವವು ಹೊರಪದರದಲ್ಲಿ, ಮೀಥೇನ್ ಮಾಡುವವು ಒಳಗೆ. ಒಂದು ಬಿಟ್ಟದ್ದು ಪಕ್ಕದ್ದಕ್ಕೆ ಊಟ. ಲೆಟ್ಟಿಂಗಾ ಈ ವಿಧಾನಕ್ಕೆ ಪೇಟೆಂಟ್ ಮಾಡಿಸಲಿಲ್ಲ, ಬಡ ದೇಶಗಳಿಗೂ ಸಿಗಲಿ ಎಂದು ಬಿಟ್ಟುಕೊಟ್ಟರು. ಆ ಒಂದು ನಿರ್ಧಾರಕ್ಕೆ ನಾನು ತಲೆಬಾಗುತ್ತೇನೆ.

ವೈನರಿಗೆ ಈ ಕಾಳು ಒಗ್ಗಲು ಇನ್ನೊಂದು ಕಾರಣವಿದೆ. ಅಲ್ಲಿ ಕೊಯ್ಲಿನ ಕೆಲವು ವಾರ ನೀರು ಭರ್ತಿ, ಆಮೇಲೆ ತಿಂಗಳುಗಟ್ಟಲೆ ಅಷ್ಟಕ್ಕಷ್ಟೇ. ಕಾಳುಗಳು ಅಷ್ಟು ದಿನದ ಉಪವಾಸ ತಡೆದುಕೊಂಡು ಮುಂದಿನ ಕೊಯ್ಲಿಗೆ ಮತ್ತೆ ಕೆಲಸಕ್ಕೆ ಏಳುತ್ತವೆ. ಎದ್ದ ದಿನವೇ ಹೊಟ್ಟೆ ತುಂಬ ಬಡಿಸಬಾರದು, ಅಷ್ಟೇ. ಹುಳಿ ಮಾಡುವವು ಚುರುಕು, ಮೀಥೇನ್ ಮಾಡುವವು ನಿಧಾನ. ಹುಳಿ ಕೂಡಿಕೊಂಡು ಪಿಎಚ್ ಕುಸಿದರೆ ಗ್ಯಾಸ್ ನಿಂತು ತೊಟ್ಟಿಯೇ ಕೆಡುತ್ತದೆ. ದ್ರಾಕ್ಷಿ ನೀರು ಮೊದಲೇ ಹುಳಿ, ಸಾರಜನಕವೂ ರಂಜಕವೂ ಕಮ್ಮಿ. ಹುಳಿ ಮುರಿಯಲು ಕ್ಷಾರ ಬೆರೆಸಿ, ಆ ಪೋಷಕಗಳನ್ನೂ ಒದಗಿಸಿ, ಮೊದಮೊದಲು ಅರೆಹೊಟ್ಟೆ ಕೊಡಬೇಕು.

ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಹಣ್ಣು ಪಲ್ಪಿಂಗ್ ಮಾಡಿದ ನೀರಿನ ಜಾತಕವೂ ಇದೇ. ಸಿಹಿ, ಹುಳಿ, ಅದೂ ಕೊಯ್ಲಿನ ದಿನಗಳಲ್ಲಿ ಮಾತ್ರ. ಅದು ಸೇರಿ ಕಪ್ಪಾಗಿ ನಾರುವ ತೊರೆಯನ್ನು ಕಂಡವರಿಗೆ ಈ ಕಾಳಿನ ಬೆಲೆ ಬೇಗ ತಿಳಿಯುತ್ತದೆ. ಇದೊಂದರಿಂದಲೇ ಎಲ್ಲ ಮುಗಿಯದು, ನಿಜ. ತೊಟ್ಟಿಯಿಂದ ಹೊರಬಂದ ನೀರಿಗೆ ಕೊನೆಯಲ್ಲಿ ಗಾಳಿ ಊದಲೇಬೇಕು. ಸ್ಪೆಂಟ್ ವಾಷ್‌ನ ಕಂದು ಬಣ್ಣವಂತೂ ಇಲ್ಲಿ ಅಷ್ಟಾಗಿ ಹೋಗುವುದಿಲ್ಲ.

ಹೊಸ ತೊಟ್ಟಿ ಕಟ್ಟಿದವರು ಕಾಳು ಮೂಡಲೆಂದು ಕಾಯುತ್ತ ಕೂರುವುದು ಅಪರೂಪ. ಪಕ್ಕದ ಮನೆಯಿಂದ ಹೆಪ್ಪು ತರುವಂತೆ, ನಡೆಯುತ್ತಿರುವ ಬೇರೊಂದು ತೊಟ್ಟಿಯಿಂದ ಟ್ಯಾಂಕರಿನಲ್ಲಿ ತಂದು ಸುರಿಯುತ್ತಾರೆ. ಚೆನ್ನಾಗಿ ನಡೆಯುವ ತೊಟ್ಟಿಯಲ್ಲಿ ಕಾಳು ಹೆಚ್ಚುತ್ತಲೇ ಇರುತ್ತದೆ. ಹೆಚ್ಚಾದದ್ದನ್ನು ಮಾರುವವರೂ ಇದ್ದಾರೆ.