ಅಷ್ಟ್ಯಾಕೆ ಒತ್ತುತ್ತೀಯ?

ಭಾನುವಾರ ಹೆಬ್ಬೆರಳಿನ ಬುಡದಲ್ಲಿ ಶುರುವಾದ ನೋವು ಸೋಮವಾರ ಆಫೀಸಲ್ಲಿ ಮೌಸ್ ಹಿಡಿದಾಗಲೂ ಹೋಗಿರಲಿಲ್ಲ. ಕಾರಣ ಕೋಡಿಂಗ್ ಅಲ್ಲ, ಚಿತ್ರ ಬಿಡಿಸೋದು! ಎಂಜಿನಿಯರಿಂಗ್ ಸೇರಿದ ಮೇಲೆ ಬಿಟ್ಟುಹೋಗಿದ್ದ ಹವ್ಯಾಸವನ್ನು ಮತ್ತೆ ಶುರು ಮಾಡೋಣ ಅಂತ ಪೆನ್ ಟ್ಯಾಬ್ಲೆಟ್ ತಗೊಂಡಿದ್ದೆ. ಹಗುರವಾಗಿ ಎಳೆದರೆ ಗೆರೆ ಕೂದಲಿನಷ್ಟು ತೆಳು. ದಪ್ಪ ಬೇಕಂದ್ರೆ ಗಟ್ಟಿಯಾಗಿ ಒತ್ತಲೇಬೇಕು. ಎರಡೇ ತಿಂಗಳಲ್ಲಿ ನಿಬ್ ಸವೆಯಿತು, ನನ್ನ ಉತ್ಸಾಹವೂ ಸವೆಯಿತು. ಮಾರಿಬಿಡೋಣ ಅಂತ ಅದರ ಫೋಟೊ ಕೂಡ ತೆಗೆದಿಟ್ಟಿದ್ದೆ.

ಊರಿಂದ ಬಂದಿದ್ದ ಅಮ್ಮ ಪಕ್ಕದಲ್ಲಿ ಕೂತು ನೋಡಿ ಕೇಳಿದ್ರು, “ಅಷ್ಟ್ಯಾಕೆ ಒತ್ತುತ್ತೀಯ? ರಂಗೋಲಿ ಪುಡಿನ ಯಾರಾದ್ರೂ ನೆಲಕ್ಕೆ ಒತ್ತುತ್ತಾರಾ?”

ಆ ಮಾತಿನ ಮೇಲೆಯೇ ಮೊದಲ ಸಲ ಸೆಟ್ಟಿಂಗ್ಸ್ ತೆರೆದು ನೋಡಿದೆ.

ಟ್ಯಾಬ್ಲೆಟ್ ಡಬ್ಬಿಯ ಮೇಲೆ ಸಾಮಾನ್ಯವಾಗಿ ‘8192 ಲೆವೆಲ್’ ಅಂತ ಇರುತ್ತೆ. ನಿಬ್ ಮೇಲೆ ಬೀಳುವ ಒತ್ತಡವನ್ನು ಪೆನ್ ಅಷ್ಟು ಹಂತಗಳಲ್ಲಿ ಅಳೆಯುತ್ತೆ ಅಂತ ಅರ್ಥ. ಆದರೆ ಯಾವ ಹಂತಕ್ಕೆ ಎಷ್ಟು ದಪ್ಪ ಗೆರೆ ಅನ್ನೋದನ್ನು ನಿರ್ಧರಿಸೋದು ಪ್ರೆಶರ್ ಕರ್ವ್. ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಅದು ಒಂದು ಫಂಕ್ಷನ್ ಅಷ್ಟೇ: ಕೈಯ ಒತ್ತಡ ಇನ್‌ಪುಟ್, ಪರದೆ ಮೇಲಿನ ಗೆರೆ ಔಟ್‌ಪುಟ್. ಗ್ರಾಫನ್ನು ನಡುವೆ ಹಿಡಿದು ಮೇಲಕ್ಕೆ ಉಬ್ಬಿಸಿದರೆ ಕಡಿಮೆ ಒತ್ತಡಕ್ಕೇ ದಪ್ಪ ಗೆರೆ ಬರುತ್ತೆ. ಇದು ಸಾಫ್ಟ್. ಕೆಳಕ್ಕೆ ಬಾಗಿಸಿದರೆ ಹೆಚ್ಚು ಒತ್ತಬೇಕು. ಇದು ಫರ್ಮ್. ಮುಟ್ಟಿದ ಕೂಡಲೇ ಗೆರೆ ದಪ್ಪವಾಗಿಬಿಡುತ್ತೆ ಅನ್ನುವವರಿಗೆ ಫರ್ಮ್ ಸರಿ. ನನಗೆ ಬೇಕಿದ್ದದ್ದು ಸಾಫ್ಟ್.

ಮಾಡೋದು ಹೇಗೆ? ಟ್ಯಾಬ್ಲೆಟ್ ಡ್ರೈವರ್‌ನಲ್ಲಿ ಪೆನ್ ಪ್ರೆಶರ್ ಸ್ಲೈಡರ್ ಅಥವಾ ಗ್ರಾಫ್ ಹುಡುಕಿ. ಉಚಿತವಾಗಿ ಸಿಗುವ ಕ್ರಿಟಾ ಬಳಸುವವರಾದರೆ ‘ಕಾನ್ಫಿಗರ್ ಕ್ರಿಟಾ’ ಒಳಗಿನ ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಲ್ಲೂ ಕರ್ವ್ ಇದೆ. ಎರಡರಲ್ಲಿ ಒಂದು ಕಡೆ ಮಾತ್ರ ಬದಲಿಸಿ. ಎರಡೂ ಕಡೆ ಕೈಹಾಕಿದರೆ ಒಂದರ ಮೇಲೊಂದು ಸೇರಿ ಯಾವುದರ ಪರಿಣಾಮ ಯಾವುದು ಅಂತ ತಿಳಿಯೋದಿಲ್ಲ. ಕರ್ವ್ ಬದಲಿಸಿದರೂ ಗೆರೆಯ ದಪ್ಪ ಬದಲಾಗದಿದ್ದರೆ, ಆ ಬ್ರಷ್‌ನಲ್ಲಿ ಪ್ರೆಶರ್ ಆನ್ ಇದೆಯಾ ನೋಡಿ.

ಆಮೇಲೆ ನೋಟ್‌ಬುಕ್ಕಲ್ಲಿ ಬರೆಯುವಾಗ ಹಿಡಿಯುವಷ್ಟೇ ಸಡಿಲವಾಗಿ ಪೆನ್ ಹಿಡಿದು, ತೆಳುವಿನಿಂದ ದಪ್ಪಕ್ಕೆ ಹೋಗುವ ಹತ್ತು ಗೆರೆ ಎಳೆಯಿರಿ. ಬೆರಳು ಬಿಗಿಯದೆ ಪೂರ್ತಿ ದಪ್ಪ ಸಿಕ್ಕರೆ ಸಾಕು. ಸಿಗದಿದ್ದರೆ ಸ್ವಲ್ಪವೇ ಸರಿಸಿ, ಮತ್ತೆ ಎಳೆಯಿರಿ. ಅತಿಯಾಗಿ ಸಾಫ್ಟ್ ಮಾಡಿದರೆ ತೆಳು ಗೆರೆಯೇ ಕೈಗೆ ಸಿಗಲ್ಲ, ಅದೂ ನೆನಪಿರಲಿ.

ನನಗೆ ಹಿಡಿದದ್ದು ಇಪ್ಪತ್ತು ನಿಮಿಷ. ಒತ್ತುವ ಅಭ್ಯಾಸ ತಪ್ಪೋಕೆ ಇನ್ನೂ ಎರಡು ವಾರ. ಹೆಬ್ಬೆರಳು ಈಗ ಸುಮ್ಮನಿದೆ. ನಿಮಗೆ ಹೀಗೆ ಮಾಡಿದರೂ ನೋವು ಉಳಿದರೆ ಸೆಟ್ಟಿಂಗ್ಸ್ ಬಿಟ್ಟು ಡಾಕ್ಟರನ್ನು ನೋಡಿ.

ಎರಡು ತಿಂಗಳು ನಾನು ನನ್ನ ಕೈಯನ್ನೇ ಬೈದುಕೊಂಡಿದ್ದೆ. ಯಾರದೋ ಕೈಗೆ ಹೊಂದಿಸಿಟ್ಟ ಅಳತೆಯನ್ನು ನನ್ನ ಕೈಗೆ ಬದಲಿಸಿಕೊಳ್ಳಬಹುದು ಅಂತ ಹೊಳೆದೇ ಇರಲಿಲ್ಲ. ಮಾರಾಟದ ಫೋಟೊ ಡಿಲೀಟ್ ಮಾಡಿದೆ. ಮೊನ್ನೆ ಅಮ್ಮನ ಕೈಗೆ ಪೆನ್ ಕೊಟ್ಟೆ. ಏಳು ಚುಕ್ಕಿ ಇಟ್ಟು ಗೆರೆ ಎಳೆದು, “ಈಗ ಪರವಾಗಿಲ್ಲ” ಅಂದ್ರು.